ನನ್ನ ಬಾಯಿಂದ ಸೋರಿದ ನೀರು

ಇಂಥಾ ಸಂಗತಿ ಯಾರರೆ ಹೇಳಾಕ ಕುಂತ್ರ ನಾನು ಎದ್ದು ಭಾಂಡೆ ತಿಕ್ಕಾಕ ಹೋಗಾಕಿ. ಗಾಳಿ, ಸೂಚನಿ, ಕನಸು, ಎಲ್ಲಾ ಕೆಲಸಿಲ್ಲದವರ ಮಾತು ಅಂತಿದ್ದೆ. ಈಗ್ಲೂ ಪೂರಾ ನಂಬೂದಿಲ್ಲ. ಆದ್ರ ನನಗ ಆಗಿದ್ದನ್ನ ಆಗಿಲ್ಲ ಅಂತ ಹೆಂಗ ಹೇಳಲಿ, ನೀವ ಹೇಳ್ರಿ.

ನಾನು ದಾಂಡೇಲಿಯೊಳಗ ಇರಾಕಿ, ಗಂಡ ಕಾಗದದ ಮಿಲ್ಲಿನ್ಯಾಗ ದುಡೀತಾನ. ತಂಗಿ ಸುನಂದಾನ್ನ ಮುಂಡಗೋಡ ಕಡೆ ಮಳಗಿ ಅನ್ನೂ ಊರಿಗೆ ಕೊಟ್ಟೇವಿ. ದನದ ಕೊಟ್ಟಿಗಿಗೆ ಒಣ ಎಲಿ ತರಾಕ ಅಡವಿಗೆ ಹೋದಾಗ ಆಕಿ ಮೊಣಕಾಲ ಹಿಂದ ಉಣ್ಣಿ ಕಚ್ಚಿತ್ತು. ಕಿತ್ತು ಒಗದು ಮರತ್ಲು. ಕೆಲವು ದಿನದಾಗ ಅಲ್ಲಿ ಕೈಬಳಿಹಂಗ ದುಂಡಗ, ಕೆಂಪಗ ಒಂದು ಬಳಿ ಎದ್ದು ಹಿಗ್ಗಕೋತ ಹೋತು, ಜ್ವರಾನೂ ಬಂತು.

ನಮ್ಮ ಕಡೆ ಉಣ್ಣಿ ಅಂದ್ರ ಮಂಗನ ಕಾಯಿಲೆ ಒಂದ. ದವಾಖಾನ್ಯಾಗ ರಕ್ತ ತಪಾಸಿಸಿದ್ರು, ಅದಲ್ಲ ಅಂತ ಬಂತು. ಊರಾಗ ಒಂದ ಮಂಗಾನೂ ಸತ್ತಿರಲಿಲ್ಲ. ಅಲ್ಲಿಗೆ ಉಣ್ಣಿ ಮಾತು ಮುಗೀತು. ಉಳದದ್ದು ಆ ಬಳಿ. ಅದನ್ನ ನೋಡಿ ಆಕಿ ಅತ್ತಿ ಎದಿ ಬಡಕೊಂಡ್ಲು. ಇದು ಸರ್ಪಸುತ್ತು, ತಲಿ ಬಾಲ ಕೂಡಿಬಿಟ್ಟಾವು, ಇನ್ನ ಜೀವ ಉಳಿಯೂದಿಲ್ಲ ಅಂತ ದಿನಾ ಕೆಮ್ಮಣ್ಣು ಅರದು ದಪ್ಪಗ ಮೆತ್ತಿದ್ಲು. ತೊಳದ್ರ ಸರ್ಪಕ್ಕ ಸಿಟ್ಟು ಬರ್ತೈತಿ ಅಂತ ದವಾಖಾನಿಗೆ ಹೋದಾಗೂ ತೊಳೀಲಿಲ್ಲ, ಡಾಕ್ಟರಿಗೆ ತೋರಸಲೂ ಇಲ್ಲ. ಸರ್ಪಸುತ್ತು ಬೆಂಕಿಹಂಗ ಉರೀತೈತಿ, ಇದು ಉರಿಯೂದ ಇಲ್ಲಲ್ಲ ಅಂತ ಸುನಂದಾ ಅಂದ್ಲಂತ. ಸೊಸಿ ಮಾತು ಯಾರು ಕೇಳ್ತಾರ? ಜ್ವರ ಇಳೀತು, ಬಳಿ ಮಾಸಿತು, ಅತ್ತಿ ಗೆದ್ಲು. ಫೋನ್ ಹಚ್ಚಿದ್ರ ಆರಾಮ ಅದಾಳ ಅಂದ್ರು. ಇದೆಲ್ಲಾ ನನಗ ಗೊತ್ತಾಗಿದ್ದು ಆಮ್ಯಾಲ.

ಹಿಂಗ ಒಂದಷ್ಟು ವಾರ ಹೋದ್ವು. ಒಂದು ಸಂಜಿ ದೇವರಿಗೆ ದೀಪಾ ಹಚ್ಚಿ ನೀರು ಕುಡಿಯಾಕ ಹೋದೆ. ಎಡಗಡೆ ತುಟಿಯಿಂದ ನೀರು ಸೋರಿ ಕುಬಸ ತೋಯ್ತು. ಮತ್ತ ಕುಡದೆ, ಮತ್ತ ಸೋರಿತು. ಎಡಗಡೆ ಮಾರಿನ ಇಲ್ಲದಂಗ ಆಗಿತ್ತು. ಕನ್ನಡಿ ನೋಡಿಕೊಂಡ್ರ ಮಾರಿ ನೆಟ್ಟಗ ಐತಿ! ಗಂಡ ಬಂದು ಗಲ್ಲ ಹಿಡದು ನೋಡಿದ.

"ಮಾರಿ ಸರಿ ಐತಲ್ಲ, ನೀರು ಯಾಕ ನಿಲ್ಲವಲ್ತು?" ಅಂದ.

ಅಂವಗೂ ಅಂಜಿಕಿ ಬಂತು. ಊಟದ ಹೊತ್ತಿಗೆ ಅದು ತಾನ ಸರಿ ಹೋತು.

ಮರುದಿನ ಮುಂಜಾನೆ ಮಳಗಿಯಿಂದ ಫೋನ್. ಸುನಂದಾನ ಎಡಗಡೆ ಮಾರಿ ಇಳಿಬಿದ್ದೈತಿ ಅಂತ. ಸಿಕ್ಕ ಬಸ್ ಹತ್ತಿ ಹೋದೆ. ಆಕಿಗೆ ಚಹಾ ಕುಡಿಯಾಕ ಕೊಟ್ಟಿದ್ರು, ಬಾಯಿ ಎಡಗಡೆಯಿಂದ ಸೋರತಿತ್ತು. ಸೆರಗಿಲೆ ಒರಸಿದೆ. ನಾನಿನ್ನೂ ಆಕಿಗೆ ಏನೂ ಹೇಳಿರಲಿಲ್ಲ.

"ಅಕ್ಕಾ," ಅಂದ್ಲು ಸೊಟ್ಟ ಬಾಯೀಲೆ, "ನಿನ್ನೆ ದೀಪಾ ಹಚ್ಚೂ ಹೊತ್ತಿನ್ಯಾಗ ನಿನ್ನ ಕರದೆ. ಬಾಯಿ ಸೊಟ್ಟಾಗಿ ಮಾತು ಹೊರಳಲಿಲ್ಲ."

ನನ್ನ ಕೈ ನನ್ನ ಎಡಗಡೆ ತುಟಿಗೆ ಹೋತು.

ಹುಬ್ಬಳ್ಳಿ ಡಾಕ್ಟರು ಉಣ್ಣಿ, ಬಳಿ ಎಲ್ಲಾ ಕೇಳಿ, ರಕ್ತ ತಪಾಸಿಸಿ, ಇದು ಲೈಮ್ ಅನ್ನೂ ರೋಗ ಅಂದ್ರು. ಉಣ್ಣಿ ಕಚ್ಚಿದಾಗ ಬ್ಯಾಕ್ಟೀರಿಯಾ ಮೈ ಸೇರತೈತಂತ. ಈ ಕಡೆ ಅಪರೂಪ, ಬಳಿ ಇದ್ದಾಗ ತೋರಿಸಿದ್ರ ಗುಳಿಗಿಯೊಳಗ ಮುಗೀತಿತ್ತು ಅಂದ್ರು. ಊರು ಕೊಳ್ಳಿ ಹೋದ ಮ್ಯಾಲ ಕ್ವಾಟಿ ಬಾಗಲಾ ಹಾಕಿದ್ರಂತ. ಔಷಧಕ್ಕ ಮಾರಿ ಬಹಳಷ್ಟು ತಿರಗಿ ಬಂತು, ಎಡಗಣ್ಣು ಮಾತ್ರ ಇವತ್ತಿಗೂ ಪೂರಾ ಮುಚ್ಚೂದಿಲ್ಲ. ಕಣ್ಣಿಗೆ ಅರಬಿ ಕಟಗೊಂಡು ಮಲಗತಾಳ. ಅತ್ತಿ ಬಂದವರ ಮುಂದೆಲ್ಲಾ ಕೆಮ್ಮಣ್ಣಿನಿಂದ ಜೀವ ಉಳೀತು ಅಂತ ಹೇಳ್ತಾಳ.

ಯಾವುದೋ ದೇವರು ನಿನಗ ತಿಳಸಾಕ ನೋಡೇತಿ ಅಂತಾಳ ನಮ್ಮವ್ವ. ಎಂಥಾ ದೇವರು ಅದು? ತಿಳಸೂದಿದ್ರ ಬಳಿ ಎದ್ದಾಗ ತಿಳಸಬೇಕಿತ್ತು. ಆವಾಗ ನನ್ನ ಕಾಲಿಗೆ ಒಂದು ಇರಿವಿ ಕಚ್ಚಿದಂಗೂ ಆಗಲಿಲ್ಲ. ಎಲ್ಲಾ ಕೆಟ್ಟ ಮ್ಯಾಲ ಬಂದು ನನ್ನ ಕುಬಸ ತೋಯಿಸಿ ಹೋದದ್ದು ಏನು, ಯಾಕ ಬಂತು, ನನಗ ತಿಳೀವಲ್ದು.