ಬ್ರೇಕಿನ ಮೇಲಿಟ್ಟ ಕಾಲು

ಕಾಮೋಠೆಯ ನಮ್ಮ ಬಿಲ್ಡಿಂಗಿನ ಕೆಳಗೆ ಹೊಸದಾಗಿ ಒಂದು ಗ್ಯಾರೇಜು ಬಂದಿದೆ. ಇವತ್ತು ಬೆಳಿಗ್ಗೆ ತರಕಾರಿಗೆಂದು ಇಳಿದವಳಿಗೆ ಅಲ್ಲಿಂದ ಹಳೆಯ ಗೇರ್ ಆಯಿಲಿನ ವಾಸನೆ ಬಡಿಯಿತು. ನಿಮಗೆ ಆ ವಾಸನೆ ಗೊತ್ತೋ ಇಲ್ಲವೋ. ಮೂಗಿಗಿಂತ ಗಂಟಲಲ್ಲಿ ಹೆಚ್ಚು ಹೊತ್ತು ಕೂತಿರುತ್ತದೆ. ನನಗೆ ಮಾತ್ರ ಅದು ನೇರ ಬಲಗಾಲಿಗೆ ಇಳಿಯುತ್ತದೆ. ಚೀಲ ಹಿಡಿದು ಅಲ್ಲೇ ನಿಂತೆ.

ನನ್ನ ಅಪ್ಪ ಉಡುಪಿ ಕಡೆಯವರು. ಊರಿನವರೆಲ್ಲ ಮುಂಬಯಿಗೆ ಬಂದು ಹೋಟೆಲು ಸೇರಿದರೆ ಇವರು ಸೈನ್ಯದ ವರ್ಕ್‌ಶಾಪು ಸೇರಿ ಗಾಡಿ ರಿಪೇರಿ ಮಾಡಿದವರು. ನಿವೃತ್ತರಾಗಿ ಠಾಕುರ್ಲಿಯಲ್ಲಿ ನೆಲೆಸಿದ ಮೇಲೆ, ಸೈನ್ಯದವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ಕೊಂಡು ತಂದರು. ಮದುವೆಯಾಗಿ ಹೋದ ಮಗಳ ಜಾಗ ತುಂಬಿತು ಎಂದು ಅಮ್ಮ ನಗುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆನ್ನಿ. ಫೋನು ಮಾಡಿದರೆ ನನ್ನ ಆರೋಗ್ಯ ಕೇಳುವ ಮೊದಲು ಜೀಪಿನ ಆರೋಗ್ಯದ ವರದಿ ಬರುತ್ತಿತ್ತು.

ಆ ಜೀಪಿನ ಸ್ಪೀಡೋಮೀಟರು ಸತ್ತಿತ್ತು. ಎಷ್ಟು ಓಡಿಸಿದರೂ ಮುಳ್ಳು ಸೊನ್ನೆ ಬಿಟ್ಟು ಏಳದು. ಕಲ್ಯಾಣದಲ್ಲಿ ಗಾಡಿ ಪಾಸಿಂಗಿನ, ಎಂದರೆ ಆರ್‌ಟಿಓ ತಪಾಸಣೆಯ, ದಿನ ಹತ್ತಿರ ಬಂದಿತ್ತು. ಪಾಸಾಗದಿದ್ದರೆ ಗುಜರಿಯೇ ಗತಿ. ಕೇಬಲ್ ಬದಲಿಸಿ ನೋಡಿದ್ದಾಯಿತು. ಕೊನೆಗೆ, ಮುಳ್ಳನ್ನು ತಿರುಗಿಸುವ ಬಳೆಯಂಥ ಸಣ್ಣ ಗೇರಿನ ಹಲ್ಲು ಸವೆದಿದೆ ಎಂದು ಅಪ್ಪ ಕಂಡುಹಿಡಿದು ಹೊಸತೊಂದನ್ನು ಸಂಪಾದಿಸಿದರು. "ಭಾನುವಾರ ಬಾ. ಬ್ರೇಕ್ ಒತ್ತಿ ಕೂತ್ರೆ ಸಾಕು" ಎಂದರು.

ಆ ಗೇರು ಕೈಗೆ ಸಿಗಬೇಕಾದರೆ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಕಳಚಬೇಕು. ಆ ಜೀಪಿನ ಹ್ಯಾಂಡ್‌ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಅದೇ ಶಾಫ್ಟನ್ನು. ಶಾಫ್ಟು ಕಳಚಿದ ಮೇಲೆ ಹ್ಯಾಂಡ್‌ಬ್ರೇಕು ಎಳೆದರೂ ಒಂದೇ, ಬಿಟ್ಟರೂ ಒಂದೇ. ಸೈನ್ಯದ ವರ್ಕ್‌ಶಾಪಿನ ನೆಲ ಸಮತಟ್ಟು. ಅಪ್ಪನ ಸೊಸೈಟಿಯ ಅಂಗಳ ಗೇಟಿನ ಕಡೆಗೆ ಇಳಿಜಾರು, ಜೀಪಿನ ಹಿಂಭಾಗವೂ ಅತ್ತಲೇ. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಅಪ್ಪ ಪಕ್ಕದಿಂದ ಅಡಿಗೆ ತೂರಿದರು. ಅವರ ಕಾಲುಗಳು ಮುಂದಿನ ಚಕ್ರದ ಬೆನ್ನಿಗೇ ಹೊರಗೆ ಚಾಚಿದ್ದವು.

ಶಾಫ್ಟು ಬಂತು. ಅದರ ಹಿಂದಿನ ಹ್ಯಾಂಡ್‌ಬ್ರೇಕಿನ ಡ್ರಮ್ಮು ಮಾತ್ರ ಬಿಡಲೊಲ್ಲದು. ಅಪ್ಪ ಸುತ್ತಿಗೆ ಎತ್ತಿಕೊಂಡರು. ಒಂದೊಂದು ಏಟಿಗೂ ಜೀಪು ನಡುಗುತ್ತಿತ್ತು. ಆಗ ಹಿಂದೆ 'ಕರಕ್' ಎಂದಿತು. ಮಳೆಗಾಲದ ನೀರು ಕುಡಿದ ಇಟ್ಟಿಗೆ ಪುಡಿಯಾಗಿತ್ತು.

ಜೀಪು ಅಲುಗಿತು, ಪೆಡಲನ್ನು ಬಲವಾಗಿ ಒತ್ತಿದೆ. ನಿಂತಿತು. ಆಮೇಲೆ ಪೆಡಲು ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ ಮೆಲ್ಲಗೆ ಇಳಿಯತೊಡಗಿತು. ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿತ್ತು. ಪೆಡಲು ತಳ ಮುಟ್ಟಿದರೆ ಜೀಪು ಹೊರಡುತ್ತದೆ. ಮತ್ತೆ ಒತ್ತಲೆಂದು ಕಾಲೆತ್ತಿದರೆ ಆ ಕ್ಷಣವೂ ಹೊರಡುತ್ತದೆ.

"ಅಪ್ಪಾ, ಹೊರಗೆ ಬನ್ನಿ!"

ಠಣ್, ಠಣ್. ಅವರ ಒಂದು ಕಿವಿ ಮಂದ. ಹಾರ್ನ್ ಒತ್ತಿದೆ, ಬ್ಯಾಟರಿಯ ತಂತಿಯನ್ನು ಅವರೇ ಕಳಚಿಟ್ಟಿದ್ದರು. ಮನೆಮಾತು ತುಳುವಿನಲ್ಲೇ ಕಿರುಚಿದೆ, "ಅಪ್ಪಾ, ಪಿದಯಿ ಬಲೆ!" ಸುತ್ತಿಗೆ ನಿಲ್ಲಲಿಲ್ಲ. ಪೆಡಲು ಇನ್ನೇನು ತಳ ಸೇರಬೇಕು, ಕಾಲೆತ್ತಿ ಮತ್ತೆ ತುಳಿದೆ. ಅಷ್ಟರಲ್ಲೇ ಜೀಪು ಗೇಣುದ್ದ ಹಿಂದೆ ಸರಿದಿತ್ತು. ಬಾಗಿ ನೋಡಿದೆ. ಅಪ್ಪನ ಪ್ಯಾಂಟಿನ ಬಟ್ಟೆ ಮುಂದಿನ ಚಕ್ರದಡಿ ಸಿಕ್ಕಿಕೊಂಡಿತ್ತು. ಈಗ ಕೇಳಿಸಿದರೂ ಅವರು ಹೊರಬರುವಂತಿರಲಿಲ್ಲ. ಪೆಡಲು ಮತ್ತೆ ಇಳಿಯುತ್ತಿತ್ತು.

ಎದುರುಮನೆಯ ಮರಾಠಿ ಅತ್ತಿಗೆ, ಸುಲಭಾ ವಹಿನಿ, ಚೀಲ ಹಿಡಿದು ಗೇಟಿನೊಳಗೆ ಬಂದರು. "ವಹಿನೀ, ದಗಡ್! ಚಾಕಾಖಾಲಿ ದಗಡ್ ಠೇವಾ!" ಎಂದು ಕೂಗಿದೆ. ಚಕ್ರದಡಿ ಕಲ್ಲಿಡಿ ಎಂದು ಎರಡನೆಯ ಸಲ ಹೇಳಬೇಕಾಗಲಿಲ್ಲ. ಚೀಲ ಬಿಸುಟರು, ಬದನೆಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ಗೋಡೆಯ ಬಳಿ ರಾಶಿ ಬಿದ್ದಿದ್ದ ನೆಲಹಾಸಿನ ಸಿಮೆಂಟ್ ಕಲ್ಲನ್ನು ಎತ್ತಿ ಚಕ್ರದ ಹಿಂದೆ ದೂಡಿ, ಇನ್ನೊಂದು ತಂದು ಕಾಲಿನಿಂದ ಒದ್ದು ಸೇರಿಸಿದರು.

"ಥಾಂಬ್ಲಿ ಗ, ಥಾಂಬ್ಲಿ!"

ನಿಂತಿತ್ತು. ನನ್ನ ಕಾಲು ಮಾತ್ರ ಪೆಡಲು ಬಿಟ್ಟು ಏಳಲಿಲ್ಲ.

ವಹಿನಿ ಎಳೆದು ಹರಿದು ಬಟ್ಟೆ ಬಿಡಿಸಿದ ಮೇಲೆ ಅಪ್ಪ ಹೊರಬಂದರು. "ಎಂತ ಆಯ್ತು?" ಎಂದವರು ಇಟ್ಟಿಗೆ ಪುಡಿ ನೋಡಿದರು, ಹರಿದ ಪ್ಯಾಂಟು ನೋಡಿದರು.  ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ಒಂದೊಂದನ್ನೂ ಒದ್ದು ನೋಡಿದರು. ಮತ್ತೆ ಅಡಿಗೆ ಹೋಗಿ ಡ್ರಮ್ಮನ್ನೂ ಹಳೆಯ ಗೇರನ್ನೂ ತೆಗೆದು ತಂದರು. ಆದರೆ ಹೊಸ ಗೇರನ್ನು ಎತ್ತಿಕೊಂಡರೆ ಅದು ಬೆರಳಿಂದ ಜಾರಿತು. ಮತ್ತೆ ಎತ್ತಿದರು, ಮತ್ತೆ ಜಾರಿತು.

"ನೀನು ಅಡಿಗೆ ಹೋಗು. ಬ್ರೇಕ್ ನಾನು ಹಿಡೀತೇನೆ" ಎಂದರು.

"ವೇಡ್ ಲಾಗ್ಲಂಯ್ ಕಾ ತುಮ್ಹಾಲಾ, ಅಂಕಲ್?" ವಹಿನಿ ಗದರಿದರು. ಹುಚ್ಚು ಹಿಡಿದಿದೆಯೇ ಎಂದು ಕೇಳಿದ್ದು ಅಪ್ಪನನ್ನು, ಹಿಡಿದದ್ದು ನನಗೂ ಇರಬೇಕು, ಅಡಿಗೆ ತೂರಿದೆ. ಕೆನ್ನೆಯ ಮೇಲೆ ಆಯಿಲ್ ತೊಟ್ಟಿಕ್ಕಿತು. ಗೇರನ್ನು ಗೇರ್‌ಬಾಕ್ಸಿನಿಂದ ಹೊರಚಾಚಿದ್ದ ದಂಡದ ತುದಿಗೆ ಏರಿಸಿ ಒಳಗೆ ತಳ್ಳಿದೆ.

"ಕೂತಿತಾ?"

"ಕೂತಿತು."

"ಸರಿ ನೋಡಿ ಹೇಳು, ಮಾರಾಯ್ತಿ!"

ಅಪ್ಪನ ದನಿ ಅಷ್ಟು ತೆಳ್ಳಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹುಡುಗಿಗೆ ಕೆಲಸ ಬರುವುದಿಲ್ಲವೆಂಬ ಅಸಹನೆ ಎಂದುಕೊಂಡೆ.

ಆಮೇಲೆ ಬ್ರೇಕ್ ಸರಿಮಾಡಿಸಿದರು, ಮುಳ್ಳು ಎದ್ದಿತು, ಜೀಪು ಪಾಸಾಯಿತು. ಅಮ್ಮನಿಗೆ ಹೇಳಿದ್ದು "ಗೇರ್ ಹಾಕಿದೆವು" ಎಂದಷ್ಟೇ. ನಮ್ಮಿಬ್ಬರ ನಡುವೆಯೂ ಆ ಮಾತು ಮತ್ತೆ ಬರಲಿಲ್ಲ.

ಇವತ್ತು ರಸ್ತೆಯಲ್ಲಿ ನಿಂತೇ ಫೋನು ಮಾಡಿದೆ. "ಅಪ್ಪ, ಅವತ್ತು ಜೀಪಿನ ಅಡಿಯಲ್ಲಿ ನಿಮಗೆ ಹೆದರಿಕೆ ಆಗಿತ್ತಾ?"



"ಅಡಿಯಲ್ಲಿ ಎಂತ ಹೆದರಿಕೆ? ಬ್ರೇಕಿನ ಮೇಲೆ ನೀನಿದ್ದಿಯಲ್ಲ. ನೀನು ಅಡಿಗೆ ಹೋದ್ಮೇಲೆ ಆಯ್ತು."

ಹೆದರಿದವಳು ನಾನೊಬ್ಬಳೇ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ. ಊಟಕ್ಕೆ ಬರುತ್ತೇನೆ ಎಂದು ಹೇಳಿ ಠಾಕುರ್ಲಿಗೆ ಹೊರಟೆ.