ಜಾಸ್ತಿ ಕಾಲ್ ಮಾಡೋ ನಂಬರ್

ಫೋನು ಬಸ್ಸಿನಲ್ಲಿ ಕಳೆದುಹೋಯಿತು. ಬ್ಯಾಂಕಿಗೂ ಫ್ಯಾಕ್ಟರಿಗೂ ಕೊಟ್ಟಿದ್ದು ಅದೇ ನಂಬರ್, ಬಿಡುವಂತಿರಲಿಲ್ಲ. ಸಿಮ್ ಅಮ್ಮನ ಹೆಸರಿನಲ್ಲಿತ್ತು. ಅವಳೇ ತೂಬಗೆರೆಯಿಂದ ದೊಡ್ಡಬಳ್ಳಾಪುರದ ಮೊಬೈಲ್ ಅಂಗಡಿಗೆ ಬಂದು ಹೆಬ್ಬೆರಳು ಒತ್ತಿದಳು.

ಕೌಂಟರಿನ ಯುವತಿ ನನ್ನನ್ನು ಕೇಳಿದಳು: "ಈ ಸಿಮ್ಮಿಂದ ಜಾಸ್ತಿ ಕಾಲ್ ಮಾಡೋ ನಂಬರ್ ಒಂದು ಹೇಳಿ ಸರ್. ಸರಿ ಹೋದ್ರೆ ಹೊಸ ಸಿಮ್ ಕೊಡ್ತೀನಿ."

ಯೋಚಿಸದೆ ಅಮ್ಮನ ನಂಬರ್ ಹೇಳಿದೆ.

"ಇದು ಬರ್ತಿಲ್ವಲ್ಲ ಸರ್. ಇದಕ್ಕೆ ನೀವು ಕಾಲೇ ಮಾಡಿಲ್ಲ."

"ನಾನೇ ಮಾಡ್ತೀನಿ ಕಣಮ್ಮ. ಅವನಿಗೆ ಕೆಲಸ ಜಾಸ್ತಿ," ಎಂದಳು ಅಮ್ಮ.

"ಇನ್‌ಕಮಿಂಗ್ ಲೆಕ್ಕಕ್ಕೆ ಬರಲ್ಲ ಆಂಟಿ. ಬೇರೆ ಹೇಳಿ ಸರ್."

ನನಗೆ ಬಾಯಿಪಾಠ ಬರುತ್ತಿದ್ದದ್ದು ಇನ್ನೊಂದೇ. ಸೋಂಪುರದಲ್ಲಿ ನನ್ನ ರೂಮಿಗೆ ಬಿರಿಯಾನಿ ಕಳಿಸುವ ಹೋಟೆಲಿನದು. ತಲೆ ತಗ್ಗಿಸಿ ಹೇಳಿದೆ. ತಕ್ಷಣ ಸರಿಹೋಯಿತು.

"ಯಾರ್ದಪ್ಪ ಅದು?" ಅಮ್ಮ ಮೆಲ್ಲಗೆ ಕೇಳಿದಳು. ಯಾವುದಾದರೂ ಹುಡುಗಿಯದಿರಬಹುದು ಎಂಬ ಆಸೆ ಅವಳ ಮುಖದಲ್ಲಿತ್ತು.

"ಹೋಟೆಲ್‌ದಮ್ಮ."

"ಸದ್ಯ, ಹೊತ್ತೊತ್ತಿಗೆ ತಿಂತಿದ್ದೀಯಲ್ಲ, ಬಿಡು."

ಬೈದಿದ್ದರೆ ಏನಾದರೂ ಸಬೂಬು ಹೇಳಬಹುದಿತ್ತು. ಸಿಮ್ ಸಂಜೆಯೊಳಗೆ ಚಾಲೂ ಆಗುತ್ತದೆ ಎಂದರು.

"ಆದ ತಕ್ಷಣ ಫೋನ್ ಮಾಡ್ತೀನಮ್ಮ," ಎಂದೆ.

ಕೌಂಟರಿನವಳು ಕಂಪ್ಯೂಟರಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.