ಕೀಲಿ ಇಲ್ಲದ ಅಕ್ಷರ

ಮಿರಜ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಕ್ಲಾಸಿನ ನಮ್ಮ ಸರ್ ಮಾತಾಡುವಾಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇರುತ್ತಿದ್ದರು. ಊರೆಲ್ಲ ಕದ್ದ ಸಾಫ್ಟ್‌ವೇರ್ ಹಾಕಿ ಕಲಿಸುವಾಗ ಅವರೊಬ್ಬರೇ ಲಿನಕ್ಸ್ ಹಾಕಿದ್ದರು. "ಇದಕ್ಕ ಕೀಲಿ ಇಲ್ಲಪಾ, ಯಾರು ಬೇಕಾದ್ರೂ ತಗೋಬಹುದು" ಎನ್ನುವರು. ಗುಡಿ, ಮೀಸಲಾತಿ, ಗಡಿ, ಯಾವ ಜಗಳ ಎದ್ದರೂ ಅದೇ ಮಾತು: "ಕೀಲಿ ತಗೀರಿ, ಎಲ್ಲಾರೂ ಒಳಗ ಬರಲಿ." ಕ್ಲಾಸಿಗೆ ಬರುವವರು ಕಡಿಮೆಯಾದರು, ಮಾತು ಕಡಿಮೆಯಾಗಲಿಲ್ಲ.

ಲಿನಕ್ಸಿನಲ್ಲಿ ಮರಾಠಿ ಅಕ್ಷರ ಒಡೆದು ಕಾಣುತ್ತಿದ್ದವು. ಸರ್ ತಾವೇ ಒಂದು ಫಾಂಟ್ ಮಾಡಿ, ಕೇಳಿದವರಿಗೆಲ್ಲ ಸಿಡಿಯಲ್ಲಿ ಪುಕ್ಕಟೆ ಕೊಟ್ಟರು. ಅಕ್ಷರಗಳ ಬಾಲ ಸ್ವಲ್ಪ ಮೇಲಕ್ಕೆ ಕೊಂಕಿರುತ್ತಿದ್ದವು, ಥೇಟ್ ಅವರ ಕೈಬರಹದಂತೆ. ಕ್ಲಾಸಿನ ಬೋರ್ಡೂ ಅದರಲ್ಲೇ ಇತ್ತು.

ಊರಲ್ಲಿ ಕೋಮುಗಲಾಟೆಯಾದ ವಾರ ಗೋಡೆಗೋಡೆಗೂ ಒಂದು ಮರಾಠಿ ಚೀಟಿ ಅಂಟಿತ್ತು. ನಮ್ಮ ಕ್ಲಾಸಿನ ಹಿಂದಿನ ಓಣಿಯವರ ಅಂಗಡಿಗಳಲ್ಲಿ ಯಾರೂ ಏನೂ ಕೊಳ್ಳಬಾರದಂತೆ. ನಮ್ಮ ಬಾಗಿಲಿಗೂ ಅಂಟಿಸಿದ್ದರು. ಸರ್ ಕನ್ನಡಕ ಒರೆಸಿ ಓದಿದರು, ಮತ್ತೆ ಒರೆಸಿ ಓದಿದರು. ಬಾಲಗಳು ಮೇಲಕ್ಕೆ ಕೊಂಕಿದ್ದವು.

"ಫಾಂಟ್ ವಾಪಸ್ ತಗೊಳ್ಳಾಕ ಬರ್ತೈತೇನ್ರಿ ಸರ್?" ಎಂದು ಕೇಳಿದೆ.

"ಹೆಂಗ ಬರ್ತೈತಿ? ಯಾರು ಬೇಕಾದ್ರೂ ತಗೋರಿ ಅಂತ ನಾನ ಕೊಟ್ಟೇನಲ್ಲ."

ಅಷ್ಟರಲ್ಲಿ ಅದೇ ಓಣಿಯ ಚಹಾದ ಕಾಕಾ ಕೆಟಲಿ ಹಿಡಿದು ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನೊಮ್ಮೆ, ಮೇಲಿನ ಬೋರ್ಡನ್ನೊಮ್ಮೆ ನೋಡಿ ನಕ್ಕರು.

"ನಿಮ್ಮ ಅಕ್ಷರನ ಅಲ್ರಿ ಸರ್? ಭಾಳ ಛಂದ ಅದಾವ. ಏನ್ ಬರದೀರಿ?"

ಸರ್ ಕನ್ನಡಕ ಒರೆಸುತ್ತಲೇ ನಿಂತರು, ಹಾಕಿಕೊಳ್ಳಲಿಲ್ಲ.